ಟೈರು ತುಂಬಿದ ಕೋಣೆ

ಸುಂದರಾಬಾಯಿ ನೀರು ಕುಡಿಯುವುದನ್ನು ಬಿಟ್ಟಿದ್ದಳು.

ವ್ರತವೇನಲ್ಲ. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಬೆಳಕು ಹರಿಯುವ ಮೊದಲೇ ಡಿಪೋದಿಂದ ಬಸ್ಸು ಹೊರಟರೆ ಮಧ್ಯಾಹ್ನದ ಊಟದ ಹೊತ್ತು ದಾಟುವವರೆಗೆ ಅವಳು ಎಲ್ಲಿಯೂ ಉಚ್ಚೆ ಹೊಯ್ಯುವಂತಿರಲಿಲ್ಲ. ಜಾಗವೇ ಇರಲಿಲ್ಲ. ಜಾಗವಿಲ್ಲದ ಮೇಲೆ ನೀರೇಕೆ?

ಕೊನೆಯ ಸ್ಟಾಪಿನಲ್ಲಿ ಡ್ರೈವರ್ ನರಸಿಂಹ ಇಳಿದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಗಂಡಸು ಪ್ರಯಾಣಿಕರೂ ನಿಲ್ಲುತ್ತಿದ್ದರು. ಯಾರೂ ನಿಲ್ಲಬಾರದೆಂದು ಆ ಗೋಡೆಯ ಮೇಲೆ ದೇವರ ಚಿತ್ರ ಬರೆಸಿದ್ದರು. ದೇವರಿಂದ ಸ್ವಲ್ಪ ಆಚೆ ಸರಿದು ನಿಲ್ಲುತ್ತಿದ್ದರು. ಸುಂದರಾಬಾಯಿ ಫುಟ್‌ಬೋರ್ಡಿನ ಮೇಲೆ ಕೂತು, ತೊಡೆ ಬಿಗಿದು, ಟಿಕೆಟ್ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಹೈದರಾಬಾದಿನಲ್ಲಿ ಹೆಂಗಸರನ್ನು ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳಲು ಆಗಷ್ಟೇ ಶುರು ಮಾಡಿದ್ದರು. ಸುಂದರಾಬಾಯಿ ಮಾದಿಗರ ಮಗಳು. ಅಪ್ಪ ಅವ್ವ ಚಿಂಚೋಳಿ ಕಡೆಯಿಂದ ಕಲ್ಲು ಒಡೆಯಲು ಬಂದವರು. ಜುಬಿಲಿ ಹಿಲ್ಸಿನ ಬಂಡೆ ಒಡೆದು ಒಡೆದು ಅಪ್ಪನ ಪುಪ್ಪಸದಲ್ಲಿ ದೂಳು ಕೂತಿತ್ತು. ಮಗಳಿಗೆ ಖಾಕಿ ಕೋಟು ಸಿಕ್ಕ ದಿನ ಅವ್ವ ಅದನ್ನು ತಾನೇ ತೊಟ್ಟು ಗುಡಿಸಲ ಮುಂದೆ ಅಡ್ಡಾಡಿ ಓಣಿಯವರನ್ನೆಲ್ಲ ನಗಿಸಿದ್ದಳು.

ಡ್ಯೂಟಿ ಹಾಕುವವರು ಡಿಪೋ ಮ್ಯಾನೇಜರ್ ಪ್ರಾಣೇಶರಾವ್. ಕಲಬುರಗಿ ಮೂಲದ ಮನೆತನ. ನಿಜಾಮರ ಕಾಲದಿಂದ ಸರಕಾರಿ ನೌಕರಿ. ಆಚಾರವಂತರು. ಎಲ್ಲರೊಡನೆ ತೆಲುಗು ಮಾತಾಡುತ್ತಿದ್ದರು, ಸುಂದರಾಬಾಯಿಯೊಡನೆ ಮಾತ್ರ ಕನ್ನಡ. ಮೊದಮೊದಲು ಅವಳಿಗೆ ಅದು ಪ್ರೀತಿ ಅನಿಸಿತ್ತು.

"ಸುಂದ್ರಾ, ಬೋಡಗುಟ್ಟದ ಗಾಡಿ ನೀ ತೊಗೋ," ಅಂದರು ಒಂದು ದಿನ.

ಬೋಡಗುಟ್ಟ ಅಂದರೆ ಬೋಳು ಗುಡ್ಡ. ಊರ ಅಂಚಿನ ಬಸ್ತಿ, ಕೊಳಗೇರಿ. ಗುಡುಂಬಾ ಎಂಬ ಕಳ್ಳಬಟ್ಟಿ ಸಾರಾಯಿ ಅಲ್ಲಿಂದಲೇ ಊರಿಗೆಲ್ಲ ಹೋಗುತ್ತಿತ್ತು. ಕದ್ದ ಸ್ಕೂಟರುಗಳು ಅಲ್ಲಿ ಹೋಗಿ ಬಿಡಿಭಾಗಗಳಾಗುತ್ತಿದ್ದವು. ಆಟೋದವರು ಆ ಕಡೆ ಬರಲು ಒಪ್ಪುತ್ತಿರಲಿಲ್ಲ. ಪೊಲೀಸರು ವ್ಯಾನು ತುಂಬ ಜನವಿದ್ದರೆ ಮಾತ್ರ ಬರುತ್ತಿದ್ದರು. ಹಿಂದಿನ ಕಂಡಕ್ಟರ್ ದತ್ತಾತ್ರೇಯನ ಕೈಯನ್ನು ಅಲ್ಲಿಯ ಒಬ್ಬ ಬ್ಲೇಡಿನಿಂದ ಕೊಯ್ದು ಚೀಲ ಕಿತ್ತುಕೊಂಡು ಹೋಗಿದ್ದ. ನರ ತುಂಡಾಗಿ ದತ್ತಾತ್ರೇಯನ ಬೆರಳು ಮಡಚುತ್ತಿರಲಿಲ್ಲ.

"ಸಾಹೇಬ್ರ, ಅಲ್ಲಿ ದತ್ತಾತ್ರೇಯ ಅಣ್ಣಗ..."

"ಅಲ್ಲಿ ಇರೋರು ಯಾರು? ನಿಮ್ಮ ಮಂದೀನೇ ಹೌದಿಲ್ಲ? ನಿನಗೇನು ಮಾಡ್ತಾರ ಅವರು? ಅಂಥಾ ಜಾಗಾಕ್ಕ ಸುಭದ್ರಾನ್ನ ಕಳಿಸ್ಲಿಕ್ಕೆ ಆಗ್ತದೇನು?"

ಸುಭದ್ರಾ ಪಕ್ಕದಲ್ಲೇ ನಿಂತಿದ್ದಳು. ಅವಳೂ ಕಂಡಕ್ಟರ್. ಮೇಲಿನ ಜಾತಿಯವಳು. ಕನ್ನಡ ತಿಳಿಯದಿದ್ದರೂ ತನ್ನ ಹೆಸರು ಕೇಳಿ ನೆಲ ನೋಡಿದಳು. ಉಳಿದವರ ಡ್ಯೂಟಿ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಸುಂದರಾಬಾಯಿಯದು ಬದಲಾಗಲಿಲ್ಲ. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಬೋಡಗುಟ್ಟ ಹೋಗಲಿಲ್ಲ.

ಡಿಪೋದಲ್ಲಾದರೂ ಒಂದು ಸಂಡಾಸು ಇದ್ದಿದ್ದರೆ! ಇತ್ತು. ಬಾಗಿಲ ಮೇಲೆ 'ಮಹಿಳೆಯರಿಗೆ' ಎಂದು ತೆಲುಗಿನಲ್ಲಿ ದಪ್ಪಗೆ ಬರೆದಿತ್ತು. ಒಳಗೆ ಮಾಡಿನವರೆಗೆ ಸವೆದ ಟೈರುಗಳು. ಆಫೀಸರರ ಸಂಡಾಸಿಗೆ ಬೀಗ. ಬೀಗದ ಕೈ ಪ್ರಾಣೇಶರಾಯರ ಜೇಬಿನಲ್ಲಿ.

"ಟೈರು ಎಲ್ಲಿ ಇಡ್ಲಿ? ನಿನ್ನ ತಲೀ ಮ್ಯಾಲೆ ಇಡ್ಲೇನು?" ಎಂದು ಅವರು ಒಮ್ಮೆ ಕೇಳಿದ್ದರು.

ಸುಂದರಾಬಾಯಿಯ ತುಟಿ ಒಡೆದವು. ಬೇಸಿಗೆಯಲ್ಲಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. 'ಟಿಕೆಟ್' ಎನ್ನಲು ಬಾಯಿ ಬಾರದೆ ಸೀಟಿ ಊದುತ್ತಿದ್ದಳು. ಮುಟ್ಟಾದ ದಿನ ಬಟ್ಟೆ ಬದಲಿಸಲು ಆಗದೆ ತೊಡೆಯ ಸಂದು ಕೆತ್ತಿಹೋಗುತ್ತಿತ್ತು. ಆ ತೊಡೆ ಇಟ್ಟುಕೊಂಡೇ ತುಂಬಿದ ಬಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ಸಾವಿರ ಸಲ ನಡೆಯಬೇಕು. ಮನೆಗೆ ಹೋಗಿ ಉಚ್ಚೆಗೆ ಕೂತರೆ ಉರಿ. ಮೊದಲು ಹಳದಿ, ಆಮೇಲೆ ಕೆಂಪು. ಚಳಿ ಜ್ವರ ಬಂತು. ದವಾಖಾನೆಯ ಡಾಕ್ಟರಮ್ಮ ಮಾತ್ರೆ ಕೊಟ್ಟು, "ನೀರು ಜಾಸ್ತಿ ಕುಡಿಯಬೇಕಮ್ಮ," ಅಂದಳು. ಸುಂದರಾಬಾಯಿಗೆ ನಗು ಬಂತು. ನಕ್ಕರೆ ಕಿಬ್ಬೊಟ್ಟೆಯಲ್ಲಿ ಚುಚ್ಚಿತು.

ಮರುದಿನ ಬೆಳಿಗ್ಗೆ ಮಾತ್ರೆಯ ಜೊತೆ ಒಂದು ಚೊಂಬು ನೀರು ಕುಡಿದು ಬಂದಳು. ಅವತ್ತೇ ಅಫ್ಜಲ್‌ಗಂಜಿನಲ್ಲಿ ಯಾವುದೋ ಪಕ್ಷದ ಮೆರವಣಿಗೆ. ಬಸ್ಸು ನಿಂತಿತು. ನಿಂತೇ ಇತ್ತು. ಡೊಳ್ಳು, ಪಟಾಕಿ, ಘೋಷಣೆ. ಸುಂದರಾಬಾಯಿ ಕಂಬಿ ಹಿಡಿದುಕೊಂಡು ತನಗೆ ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿದಳು. ಬೋಡಗುಟ್ಟ ಮುಟ್ಟುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು.

"ಅಣ್ಣಾ, ನಾ ಇಳೀತೀನಿ," ಅಂದಳು ನರಸಿಂಹನಿಗೆ.

ನರಸಿಂಹ ಜಹೀರಾಬಾದ್ ಕಡೆಯವನು. ಕನ್ನಡ ಬರುತ್ತಿತ್ತು. "ಎಲ್ಲಿಗವ್ವಾ? ಬಸ್ತಿಯಾಗ ಕಾಲಿಡಬ್ಯಾಡ. ಕೊರಳಾಗ ಚೀಲ ಐತಿ!"

"ಚೀಲಕ್ಕ ಏನಾರ ಆಗಲಿ. ನನಗ ಆಗಾಕತ್ತೈತಿ!"

ಓಡಿದಳು. ಓಡಲೂ ಆಗುತ್ತಿರಲಿಲ್ಲ. ಮೊಣಕಾಲು ಜೋಡಿಸಿಕೊಂಡು ಬಾತುಕೋಳಿಯಂತೆ ಮೊದಲನೆಯ ಗಲ್ಲಿಗೆ ನುಗ್ಗಿದಳು. ಮುದುಕಿಯೊಬ್ಬಳು ಮನೆ ಮುಂದೆ ಪಾತ್ರೆ ಉಜ್ಜುತ್ತಿದ್ದಳು. ಯಾವ ಭಾಷೆಯಲ್ಲಿ ಕೇಳಬೇಕೆಂದು ಯೋಚಿಸುವಷ್ಟು ಪುರುಸೊತ್ತಿಲ್ಲ. ಬಾಯಿಂದ ಅವ್ವನ ಮಾತೇ ಬಂತು.

"ಯಕ್ಕಾ, ಸಂಡಾಸ ಎಲ್ಲೈತ್ರಿ?"

ಮುದುಕಿ ತಲೆ ಎತ್ತಿದಳು. "ಅಯ್ಯ ನನ್ನವ್ವಾ, ನಮ್ಮ ಕಡೀಕೇನು ನೀ? ಬಾ, ಬಾ. ಆ ಚೀಲ ಇತ್ತ ಕೊಡು, ತೊಯ್ಸಿಕೊಂಡೀ!"

ಚೀಲ ಕಿತ್ತು ಕೊಟ್ಟಳು. ಒಳಗೆ ಹೋದಳು. ನಾಲ್ಕು ಗೋಡೆ. ಹಸಿರು ಬಣ್ಣದ ತಗಡಿನ ಬಾಗಿಲು. ಒಳಗಿನಿಂದ ಚಿಲಕ! ಬಕೆಟ್ಟಿನ ತುಂಬ ನೀರು!

ಕೂತಳು. ಅದು ನಿಲ್ಲಲೇ ಇಲ್ಲ. ಉರಿಯಿತು, ಆದರೂ ಹೋಯಿತು. ಒಂದು ವರ್ಷದ್ದೆಲ್ಲ ಒಮ್ಮೆಗೇ ಹೋಗುತ್ತಿದೆಯೋ ಎನ್ನುವಂತೆ. ಮೈ ಹಗುರಾಗುತ್ತ, ತಲೆ ಹಗುರಾಗುತ್ತ, ಹೊಟ್ಟೆಯ ಆಳದಿಂದ ನಗು ಎದ್ದು ಬಂತು. ಬಾಯಿಗೆ ಸೆರಗು ತುರುಕಿಕೊಂಡಳು. ಸೆರಗಿನ ಸುತ್ತಲಿಂದ ಸಿಡಿಯಿತು.

"ಯಾಕಬೇ, ಏನಾತು?" ಹೊರಗಿನಿಂದ ಮುದುಕಿ ಕೂಗಿದಳು.

"ಏನಿಲ್ರೀ, ಇನ್ನೂ ಮುಗೀವಲ್ತು!"

ಮುದುಕಿಗೂ ನಗು ಹತ್ತಿತು. ಬಾಗಿಲ ಈಚೆ ಒಬ್ಬಳು, ಆಚೆ ಒಬ್ಬಳು. ಗಲ್ಲಿಯ ಹೆಂಗಸರು ಏನೆಂದು ಇಣುಕಿದರು. ತಿಳಿದ ಮೇಲೆ ಅವರೂ ನಕ್ಕರು.

ಸುಂದರಾಬಾಯಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಕಟ್ಟೆಯ ಮೇಲೆ ಒಬ್ಬ ದಾಂಡಿಗ ಕೂತಿದ್ದ. ಹುಬ್ಬಿನಿಂದ ಕಿವಿಯವರೆಗೆ ಹಳೆಯ ಗಾಯದ ಗೆರೆ. ತೊಡೆಯ ಮೇಲೆ ಅವಳ ಟಿಕೆಟ್ ಚೀಲ.

"ನನ್ನ ಮಗ," ಅಂದಳು ಮುದುಕಿ. "ವೆಂಕಟೇಶ."

ಬ್ಲೇಡ್ ವೆಂಕಟೇಶ. ಪೊಲೀಸ್ ಠಾಣೆಯ ಗೋಡೆಯ ಮೇಲೆ ಫೋಟೋ ಇದ್ದವನು. ದತ್ತಾತ್ರೇಯನ ಕೈ ಕೊಯ್ದವನು.

"ಹಿಡಕೊಂಡು ಕೂಡು ಅಂದ್ಲು ಅವ್ವ," ಅಂದ ಅವನು. ಚೀಲ ಕೊಟ್ಟ. ಗದ್ದದಿಂದ ಹಸಿರು ಬಾಗಿಲು ತೋರಿಸಿ, "ಆ ಸಂಡಾಸ ನಾನೇ ಕಟ್ಟಿಸೀನಿ. ಅವ್ವಗಂತ. ಹೆಂಗೈತಿ?" ಎಂದು ಕೇಳಿದ.

"ಭಾಳ ಚಲೋ ಐತ್ರಿ," ಅಂದಳು ಸುಂದರಾಬಾಯಿ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೈ ಹಗುರಾದ ಅಮಲು ಇನ್ನೂ ಇಳಿದಿರಲಿಲ್ಲ. "ನೀವು ಕೊಯ್ದಿರಲ್ರಿ, ದತ್ತಾತ್ರೇಯ ಅಣ್ಣ, ಅವಂಗ ಇನ್ನೂ ಬಟ್ಟು ಮಡಚಾಕ ಬರಂಗಿಲ್ಲ. ತುತ್ತು ಅವನ ಹೆಂಡ್ತಿ ತಿನಿಸ್ತಾಳ."

ಗಲ್ಲಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲ ಹಿಂದೆ ಸರಿದರು. ವೆಂಕಟೇಶ ಅವಳನ್ನು ನೋಡಿದ.

"ಕೇಳಿಸ್ತೇನೋ?" ಎಂದು ಮುದುಕಿ ಕೈಯಲ್ಲಿದ್ದ ಒದ್ದೆ ಸೌಟಿನಿಂದ ಮಗನ ಬೆನ್ನಿಗೆ ಬಾರಿಸಿದಳು. ಅವನು ಎದ್ದು ಹೋದ.

ಮುದುಕಿಯ ಹೆಸರು ಯಮುನಾಬಾಯಿ. ಬೀದರ ಕಡೆಯವಳು. ಅವತ್ತಿನಿಂದ ಸುಂದರಾಬಾಯಿ ದಿನಾ ಅವಳ ಮನೆಗೆ ಹೋಗತೊಡಗಿದಳು. ನೀರು ಕುಡಿಯತೊಡಗಿದಳು. ತುಟಿ ಕೂಡಿಕೊಂಡವು. ಉರಿ ಹೋಯಿತು. ಜ್ವರ ಹೋಯಿತು. ಬಸ್ಸಿನಲ್ಲಿ 'ಟಿಕೆಟ್ ಟಿಕೆಟ್' ಎಂದು ಹಾಡಿನಂತೆ ಕೂಗತೊಡಗಿದಳು. ವೆಂಕಟೇಶ ಈ ಮಧ್ಯೆ ಇನ್ನಾರನ್ನೋ ಇರಿದು ಜೈಲಿಗೆ ಹೋದ. ಇರಿತ ತಿಂದವನು ಎರಡು ಗಲ್ಲಿ ಆಚೆಯ ಮೇಸ್ತ್ರಿ. ಆ ಬಸ್ತಿ ಒಳ್ಳೆಯದೇನೂ ಆಗಲಿಲ್ಲ. ಆದರೆ ಅಲ್ಲಿ ಒಂದು ಬಾಗಿಲು ಅವಳಿಗೆ ತೆರೆದಿತ್ತು, ಡಿಪೋದಲ್ಲಿ ಇರಲಿಲ್ಲ.

ಒಂದು ಬೆಳಿಗ್ಗೆ ಅವಳು ಗಲ್ಲಿಯಿಂದ ಕೈ ಒರೆಸಿಕೊಳ್ಳುತ್ತ, ಯಮುನಾಬಾಯಿಯ ಯಾವುದೋ ಮಾತಿಗೆ ನಗುತ್ತ ಬಂದರೆ ಬಸ್ಸಿನ ಪಕ್ಕದಲ್ಲಿ ಜೀಪು ನಿಂತಿತ್ತು. ಪ್ರಾಣೇಶರಾವ್. ಮೂಗಿಗೆ ಕರವಸ್ತ್ರ.

"ಗಾಡಿ ಬಿಟ್ಟು ಎಲ್ಲಿ ಹೋಗಿದ್ದಿ?"

"ಒಂದಕ್ಕ ಹೋಗಿದ್ದೆರಿ."

"ಆ ಕಳ್ಳರ ಮನಿಯೊಳಗ? ಗಿರಾಕಿ ನೋಡ್ಲಿಕ್ಕೆ ಹೋಗಿದ್ದಿ ಅಂತ ತಿಳೀಲೇನು?" ದನಿ ಏರಿಸಲಿಲ್ಲ. ಕನ್ನಡದಲ್ಲಿ, ಮೆತ್ತಗೆ. ಬಸ್ಸಿನಲ್ಲಿ ಕೂತವರಿಗೆ ಯಾರೋ ದೊಡ್ಡವರು ಬುದ್ಧಿ ಹೇಳುತ್ತಿದ್ದಾರೆ ಅನ್ನಿಸಬೇಕು, ಹಾಗೆ.

"ಸಾಹೇಬ್ರ, ಇಲ್ಲಿ ನನಗ ಜಾಗಾ..."

"ಜಾಗಾ ಯಾಕ ಬೇಕು ನಿನಗ? ಗಾಡಿ ಹಿಂದ ಕೂಡು. ನಿಮ್ಮ ಮಂದಿ ಹುಟ್ಟಿದಾಗಿಂದ ಬೈಲಾಗೇ ಕೂತಾರ. ಖಾಕಿ ಹಾಕ್ಕೊಂಡ ಮ್ಯಾಲೆ ಸಂಡಾಸ ಬೇಕಾತೇನು?"

ಸುಂದರಾಬಾಯಿಯ ಕಿವಿಯಲ್ಲಿ ಗುಂಯ್ ಎಂದಿತು. ಮುಖ ಬಿಸಿಯಾಯಿತು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಕೋಟಿಗೆ ಒರೆಸಿಕೊಂಡಳು.

"ನಾಳೆ ಮುಂಜಾನೆ ಡಿಪೋದಾಗ ಎಲ್ಲಾರ ಮುಂದ ನಿಂತು ತಪ್ಪಾತು ಅನ್ನು. ಇಲ್ಲಂದ್ರ ಕೆಲಸಾ ಬಿಡು," ಎಂದು ಜೀಪು ಹತ್ತಿದರು.

ಗಲ್ಲಿಯ ಬಾಯಲ್ಲಿ ಯಮುನಾಬಾಯಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪ್ರಾಣೇಶರಾಯರ ಗುಟ್ಟಿನ ಭಾಷೆ ಅವಳ ಮನೆಯ ಭಾಷೆಯೂ ಆಗಿತ್ತು.

"ತಪ್ಪಾತು ಅಂತೀಯೇನು?" ಕೇಳಿದಳು.

"ಗೊತ್ತಿಲ್ಲಬೇ," ಅಂದಳು ಸುಂದರಾಬಾಯಿ. ಮನೆಯಲ್ಲಿ ಅಪ್ಪ ಕೆಮ್ಮುತ್ತಿದ್ದ. ಅವಳ ಸಂಬಳವೇ ಒಲೆ ಉರಿಸುತ್ತಿತ್ತು.

ಮರುದಿನ ಬೆಳಗಿನ ಬಸ್ಸುಗಳೆಲ್ಲ ಯಾರ್ಡಿನಲ್ಲಿ ಸಾಲಾಗಿ ನಿಂತಿದ್ದವು. ಡ್ರೈವರುಗಳು, ಕಂಡಕ್ಟರುಗಳು, ಮೈ ತುಂಬ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್‌ಗಳು ಗುಂಪಾಗಿದ್ದರು. ಪ್ರಾಣೇಶರಾವ್ ಯಾರ್ಡಿನ ಕೆಳತುದಿಯ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಸುಂದರಾಬಾಯಿ ಹೊಟ್ಟೆ ತುಂಬ ನೀರು ಕುಡಿದು ಬಂದಿದ್ದಳು. ಯಾಕೆ ಕುಡಿದಳೋ ಅವಳಿಗೇ ಗೊತ್ತಿರಲಿಲ್ಲ. ಹೆದರಿಕೆಗೆ ಬಾಯಿ ಆರುತ್ತಿತ್ತು, ಕುಡಿದಿದ್ದಳು.

"ಹೂಂ, ಹೇಳು," ಅಂದರು ಕನ್ನಡದಲ್ಲಿ.

ಅವಳು ಗುಂಪಿನ ಕಡೆ ತಿರುಗಿದಳು. ಬಾಯಿ ತೆರೆದಳು. ಬಂದದ್ದು ತೆಲುಗು. ಯಾರ್ಡಿನ ಕಟ್ಟಕಡೆಯ ಮೆಕ್ಯಾನಿಕ್‌ಗೂ ಕೇಳುವ ದನಿ.

"ನಿನ್ನೆ ಸಾಹೇಬರು ನನಗೆ ಕನ್ನಡದಲ್ಲಿ ಬೈದರು. ನಿಮಗೆ ತಿಳಿಯಲಿ ಅಂತ ತೆಲುಗಿನಲ್ಲಿ ಹೇಳುತ್ತೇನೆ. ಬಸ್ಸಿನ ಹಿಂದೆ ಕೂತು ಉಚ್ಚೆ ಹೊಯ್ಯಿ ಅಂದರು. ನಿಮ್ಮ ಜಾತಿಯವರು ಬಯಲಿಗೆ ಕೂರುವವರು ಅಂದರು. ಗಿರಾಕಿ ಹುಡುಕಲು ಹೋಗಿದ್ದೆಯಾ ಅಂದರು."

"ಸುಳ್ಳು!" ಎಂದರು ಪ್ರಾಣೇಶರಾವ್.

"ಖರೇ ಐತಿ!" ಗೇಟಿನ ಕಡೆಯಿಂದ ಕೂಗು ಬಂತು. ಯಮುನಾಬಾಯಿ. ಹಿಂದೆ ಬೋಡಗುಟ್ಟದ ಹತ್ತಾರು ಹೆಂಗಸರು. ನಡೆದೇ ಬಂದಿದ್ದರು. "ನಾ ಕಿವಿಯಾರೆ ಕೇಳೀನಿ! ನನಗೂ ಕನ್ನಡಾ ಬರತೈತಿ, ಸಾಹೇಬಾ!"

ಸುಂದರಾಬಾಯಿ ಪ್ರಾಣೇಶರಾಯರ ಕಡೆ ತಿರುಗಿ ಕೈ ಚಾಚಿದಳು. ಈಗಲೂ ತೆಲುಗೇ.

"ಬೀಗದ ಕೈ ಕೊಡಿ. ನನಗೆ ಉಚ್ಚೆ ಬಂದಿದೆ. ಈಗ."

ಯಾರೋ ಕಿಸಕ್ಕೆಂದರು. ಸುಭದ್ರಾ. ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ. ಮುಂದೆ ಬಂದು ಸುಂದರಾಬಾಯಿಯ ಹಿಂದೆ ನಿಂತಳು. "ನನಗೂ ಬಂದಿದೆ ಸಾರ್," ಅಂದಳು. "ನನಗೆ ಕೆಲಸಕ್ಕೆ ಸೇರಿದ ದಿನವೇ ಬಂದಿದೆ." ಅವಳ ಹಿಂದೆ ಗೋದಾವರಿ ಎಂಬ ಇನ್ನೊಬ್ಬ ಕಂಡಕ್ಟರ್. ಅವಳ ಹಿಂದೆ ಮತ್ತೊಬ್ಬಳು. ಖಾಕಿ ಕೋಟುಗಳ ಸಾಲು ಬೆಳೆಯಿತು. ಬೋಡಗುಟ್ಟದ ಹೆಂಗಸರೂ ಬಂದು ಬಾಲಕ್ಕೆ ಸೇರಿದರು. ಸೀಟಿ ಇದ್ದವರೆಲ್ಲ ಸೀಟಿ ಊದಿದರು.

ಪ್ರಾಣೇಶರಾವ್ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಹೋಗಲಿ ಬಿಡ್ರಿ," ಅಂದಳು ಸುಂದರಾಬಾಯಿ. "ನಮ್ಮದೂ ಒಂದು ಐತೆಲ್ಲ."

'ಮಹಿಳೆಯರಿಗೆ' ಎಂದು ಬರೆದ ಬಾಗಿಲನ್ನು ಅವಳೇ ಎಳೆದಳು. ಮೊದಲನೆಯ ಟೈರು ತಾನಾಗಿಯೇ ಹೊರಗೆ ಹಾರಿತು. ಹಿಂದೆ ಇನ್ನೊಂದು. ಟೈರುಗಳ ಒಳಗೆ ನಿಂತ ಕೊಳಕು ನೀರು ಸೀರೆಗಳ ಮೇಲೆ ಚೆಲ್ಲಿತು. ಇಲಿಗಳು ದಿಕ್ಕಾಪಾಲಾಗಿ ಓಡಿದವು. ಹೆಂಗಸರು ಕಿರುಚಿದರು, ನಕ್ಕರು, ಮತ್ತೆ ಎಳೆದರು. ಬಸ್ಸಿನ ಟೈರು ಅಂದರೆ ಒಂದಾಳಿನ ಭಾರ. ಇಬ್ಬಿಬ್ಬರು ಹಿಡಿದು ನಿಲ್ಲಿಸಿ ದೂಡಿದರು. ಯಾರ್ಡು ಇಳಿಜಾರು. ದೂಡಿದ ಟೈರು ನಿಲ್ಲುತ್ತಲೇ ಇರಲಿಲ್ಲ. ಉರುಳಿ ಉರುಳಿ, ಬಸ್ಸುಗಳ ನಡುವೆ ನುಗ್ಗಿ, ಮೆಕ್ಯಾನಿಕ್‌ಗಳನ್ನು ಕುಣಿಸಿ, ಕೆಳಗಿನ ಆಫೀಸಿನ ಬಾಗಿಲಿಗೆ ಧಡ್ ಎಂದು ಬಡಿಯುತ್ತಿತ್ತು. ಬಡಿದದ್ದು ಅಲ್ಲೇ ಬೀಳುತ್ತಿತ್ತು. ಅದರ ಮೇಲೆ ಇನ್ನೊಂದು.

"ರೈಟ್ ರೈಟ್!" ಎಂದು ಗೋದಾವರಿ ಪ್ರತಿ ಟೈರಿಗೂ ಕೂಗಿದಳು.

ಸುಭದ್ರಾಳ ಮುಖದ ತುಂಬ ಕರಿ. ಸುಂದರಾಬಾಯಿ ನಕ್ಕು ನಕ್ಕು ನೆಲಕ್ಕೆ ಕೂತಳು. "ನಗಿಸಬ್ಯಾಡ್ರೇ, ಇಲ್ಲೇ ಆಗತೈತಿ!" ಎಂದು ಅಂಗಲಾಚಿದಳು. ನರಸಿಂಹ ಕೊಳಾಯಿಯ ಪೈಪು ಎಳೆದು ತಂದು ಕೋಣೆ ತೊಳೆದುಕೊಟ್ಟು, ತಲೆ ತಗ್ಗಿಸಿ ಹೊರಗೆ ಬಂದ. ಸುಂದರಾಬಾಯಿ ಒಳಗೆ ಹೋದಳು. ಚಿಲಕವಿರಲಿಲ್ಲ. ಬಾಗಿಲನ್ನು ಹೊರಗಿನಿಂದ ಒಂದು ಕಡೆ ಯಮುನಾಬಾಯಿ, ಒಂದು ಕಡೆ ಸುಭದ್ರಾ ಒತ್ತಿ ಹಿಡಿದರು.

ಪ್ರಾಣೇಶರಾವ್ ಫೋನು ಮಾಡಿದ್ದರು. ಬೋಡಗುಟ್ಟದ ರೌಡಿಗಳು ಡಿಪೋಗೆ ನುಗ್ಗಿದ್ದಾರೆ ಎಂದು. ವ್ಯಾನು ತುಂಬ ಪೊಲೀಸರು ಬಂದರು. ಇಳಿದು ನೋಡಿದರೆ ಹೆಂಗಸರ ಸಾಲು.

"ಲೀಡರ್ ಯಾರು?" ಗರ್ಜಿಸಿದ ಇನ್‌ಸ್ಪೆಕ್ಟರ್.

"ಒಳಗಿದ್ದಾಳೆ," ಅಂದಳು ಸುಭದ್ರಾ.

"ಹೊರಗೆ ಕರೆಯಿರಿ!"

"ಹೇಗೆ ಕರೆಯಲಿ ಸಾರ್? ನಡುವೆ ಎದ್ದು ಬರುತ್ತಾರೇನು?"

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಅವನ ಜೊತೆ ಬಂದಿದ್ದ ಒಬ್ಬಳೇ ಹೆಣ್ಣು ಕಾನ್‌ಸ್ಟೇಬಲ್ ಆ ಕಡೆ ಈ ಕಡೆ ನೋಡಿದಳು. ಮೆಲ್ಲಗೆ ಯಮುನಾಬಾಯಿಯ ಹತ್ತಿರ ಬಂದು, "ಒಳಗೆ ನೀರಿದೆಯೇನಮ್ಮಾ?" ಎಂದು ಕೇಳಿ, ಲಾಠಿಯನ್ನು ಅವಳ ಕೈಗೆ ಕೊಟ್ಟು ಸಾಲಿನಲ್ಲಿ ನಿಂತಳು.

ಆಮೇಲೆ ಏನಾಯಿತೆಂದರೆ, ಸುಂದರಾಬಾಯಿಯನ್ನು ಕೆಲಸದಿಂದ ಅಮಾನತು ಮಾಡಿದರು. ಅಪ್ಪನ ಔಷಧಕ್ಕೆ ಅವ್ವ ಮತ್ತೆ ಕಲ್ಲು ಹೊರಲು ಹೋದಳು. ಆ ದಿನಗಳು ಕೆಟ್ಟವು. ಬೋಡಗುಟ್ಟದ ಡ್ಯೂಟಿಯನ್ನು ಮುಟ್ಟುವುದಿಲ್ಲವೆಂದು ಉಳಿದ ಹೆಂಗಸು ಕಂಡಕ್ಟರುಗಳೆಲ್ಲ ಹಟ ಹಿಡಿದು ಕೂತರು. ಬಸ್ತಿಯ ಹೆಂಗಸರು ಬೇರೆ ಬಸ್ಸುಗಳ ಮುಂದೆ ಅಡ್ಡ ಮಲಗಿದರು. ಕೊನೆಗೆ ಅವಳನ್ನು ವಾಪಸು ತೆಗೆದುಕೊಂಡರು. ಬೋಡಗುಟ್ಟ ಪಾಳಿಯ ಪ್ರಕಾರ ಎಲ್ಲರಿಗೂ ಬಂತು, ಸುಭದ್ರಾಳಿಗೂ. ಪ್ರಾಣೇಶರಾವ್ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ರಿಟೈರಾದರು. ಆದರೆ ಅವೆಲ್ಲ ಆಮೇಲಿನ ಮಾತು.

ಆ ಬೆಳಿಗ್ಗೆ ಬಿಸಿಲೇರುತ್ತಿತ್ತು. ಸಾಲು ಇನ್ನೂ ಕರಗಿರಲಿಲ್ಲ. ಸುಂದರಾಬಾಯಿ ಹೊರಗೆ ಬಂದು ತೊಳೆದ ಮುಖದಲ್ಲಿ ನಿಂತಿದ್ದಳು. ಆಗ ಆಫೀಸಿನ ಕಿಟಕಿ ತೆರೆಯಿತು. ಬಾಗಿಲ ಮುಂದೆ ಟೈರುಗಳ ಗುಡ್ಡೆ. ಬಾಗಿಲು ಹೊರಕ್ಕೆ ತೆರೆಯುವಂಥದು. ಸರಳುಗಳ ಹಿಂದೆ ಪ್ರಾಣೇಶರಾಯರ ಮುಖ ಬೆವೆತು ಬಿಳಿಚಿತ್ತು. ಅವರ ಸಂಡಾಸು ಯಾರ್ಡಿನ ಆಚೆ ತುದಿಯಲ್ಲಿತ್ತು. ಬೀಗದ ಕೈ ಜೇಬಿನಲ್ಲೇ ಇತ್ತು.

"ಸುಂದರಾಬಾಯಿ ಅವರೇ," ಎಂದರು. ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ ಮೈಭಾರ ಬದಲಿಸಿದರು. "ಸ್ವಲ್ಪ ಬಾಗಿಲಾ ಬಿಡಿಸ್ರಿ. ಭಾಳ ಅವಸರ ಅದ."

ಇಡೀ ಯಾರ್ಡು ಅವಳ ಕಡೆ ನೋಡಿತು.

"ಬಿಡಿಸ್ತೀವ್ರಿ ಸಾಹೇಬ್ರ," ಅಂದಳು ಸುಂದರಾಬಾಯಿ. "ಆದ್ರ ಸಾಲು ಐತಿ. ಹಿಂದ ನಿಂದರ್ರಿ."